ಒಂದೂವರೆ ಚಮಚ ಕೋಬಾಲ್ಟ್

ರಾಗಿ ಕಾಳಿನಷ್ಟು ಗಾತ್ರದ, ಅಡ್ಡಗಲ ಒಂದೇ ಮಿಲಿಮೀಟರ್ ಇರುವ ಲೋಹದ ಗುಳಿಗೆಗಳು. ಎಣಿಸಿದರೆ 6,010. ಮೆಕ್ಸಿಕೋದ ಉತ್ತರದ ಗಡಿಯಲ್ಲಿ, ಅಮೆರಿಕದ ಟೆಕ್ಸಸ್‌ಗೆ ಎದುರಾಗಿ ಸಿಯುದಾದ್ ಹುವಾರೆಸ್ ಎಂಬ ದೊಡ್ಡ ಊರಿದೆ. ಅಲ್ಲಿನ ಖಾಸಗಿ ಆಸ್ಪತ್ರೆಯೊಂದರ ಗೋದಾಮಿನಿಂದ ಈ ಗುಳಿಗೆಗಳು 1983ರ ಡಿಸೆಂಬರ್ 6ರಂದು ಗುಜರಿ ಅಂಗಡಿಗೆ ಹೊರಟವು. ಒಟ್ಟು ಮಾಡಿ ಅಳೆದರೆ ಒಂದೂವರೆ ಟೀ ಚಮಚ. ತೂಗಿದರೆ ನಲವತ್ತು ಗ್ರಾಂ ಚಿಲ್ಲರೆ. ಚಮಚದ ಲೆಕ್ಕ ನಾನೇ ಹಾಕಿದ್ದು. ಗುಳಿಗೆಯ ಗಾತ್ರವೂ ಕೋಬಾಲ್ಟಿನ ಸಾಂದ್ರತೆಯೂ ಗೊತ್ತಿದ್ದರೆ ಹೈಸ್ಕೂಲು ಹುಡುಗರೂ ಹಾಕಬಹುದು. ಹಾಕಿ ನೋಡಿದ ಮೇಲೆ ಮಾತ್ರ ಕಾಗದದ ಮೇಲಿನ ಉತ್ತರವನ್ನು ಎರಡು ಸಲ ಪರೀಕ್ಷಿಸಬೇಕಾಯಿತು. ಏಕೆಂದರೆ ಈ ಒಂದೂವರೆ ಚಮಚವನ್ನು ಹುಡುಕಲು ಮೆಕ್ಸಿಕೋ ಸರ್ಕಾರದವರು 17,636 ಕಟ್ಟಡಗಳ ಬಾಗಿಲು ತಟ್ಟಿದ್ದಾರೆ.

ಗುಳಿಗೆಗಳೊಳಗೆ ಇದ್ದದ್ದು ಕೋಬಾಲ್ಟ್-60. ಅದು ವಿಕಿರಣ ಸೂಸುತ್ತ ಸೂಸುತ್ತ ನಿಕ್ಕಲ್ ಆಗಿ ಬದಲಾಗುವ ಅಸ್ಥಿರ ಪರಮಾಣು. ಒಂದೊಂದು ಗುಳಿಗೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 260 ಕೋಟಿ ಪರಮಾಣುಗಳು ಒಡೆಯುತ್ತಿದ್ದವು. ಈ 260 ಕೋಟಿಯನ್ನು ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತ ಕೂತರೆ ಮುಗಿಯುವುದಕ್ಕೆ 82 ವರ್ಷ ಬೇಕು. ಒಂದು ಗುಳಿಗೆಯ ಒಂದೇ ಸೆಕೆಂಡಿಗೆ ಒಬ್ಬ ಮನುಷ್ಯನ ಪೂರ್ತಿ ಆಯುಷ್ಯ ಹೋಯಿತು. ಅಂಥವು ಆರು ಸಾವಿರ, ಮೇಲೆ ಹತ್ತು.

ಇದನ್ನು ಅಳೆಯುವ ಹಳೆಯ ಮಾನ ಕ್ಯೂರಿ. ಒಂದು ಗ್ರಾಂ ರೇಡಿಯಂನಲ್ಲಿ ಸೆಕೆಂಡಿಗೆ ಒಡೆಯುವ 3,700 ಕೋಟಿ ಪರಮಾಣುಗಳಿಗೆ ಒಂದು ಕ್ಯೂರಿ ಎಂದು ಲೆಕ್ಕ. 1921ರಲ್ಲಿ ಅಮೆರಿಕದ ಹೆಂಗಸರು ಚಂದಾ ಎತ್ತಿ ಮೇರಿ ಕ್ಯೂರಿಗೆ ಒಂದು ಗ್ರಾಂ ರೇಡಿಯಂ ಕೊಡಿಸಿದಾಗ ಅದಕ್ಕೆ ತೆತ್ತ ಬೆಲೆ ಒಂದು ಲಕ್ಷ ಡಾಲರ್. ಶ್ವೇತಭವನದಲ್ಲಿ ಸಮಾರಂಭ ನಡೆಸಿ ಅಧ್ಯಕ್ಷ ಹಾರ್ಡಿಂಗ್ ಅವರೇ ಅದನ್ನು ಒಪ್ಪಿಸಿದರು. ಹುವಾರೆಸ್‌ನ ಗೋದಾಮಿನಲ್ಲಿದ್ದದ್ದು ಸುಮಾರು 450 ಕ್ಯೂರಿ. ಶ್ವೇತಭವನದ ಆ ಉಡುಗೊರೆಯಂಥವು ನಾನೂರೈವತ್ತು ಒಂದೇ ಡಬ್ಬಿಯಲ್ಲಿ ಇದ್ದ ಹಾಗೆ. ಗುಜರಿಯವರು ಅದಕ್ಕೆ ಕೊಟ್ಟದ್ದು ಸುಮಾರು ಒಂಬತ್ತು ಡಾಲರ್ ಬೆಲೆಯ ಪೆಸೊ. ಅದೂ ಡಬ್ಬಿಯ ಲೋಹಕ್ಕೆ.

ಈ ಡಬ್ಬಿ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವೊಂದರ ಹೃದಯಭಾಗ. ನಮ್ಮಲ್ಲಿ ಜನ 'ಕರೆಂಟು ಕೊಡಿಸುವುದು' ಎನ್ನುವ ಚಿಕಿತ್ಸೆಯನ್ನು ದಶಕಗಳ ಕಾಲ ಕೊಟ್ಟದ್ದು ಇಂಥ ಕೋಬಾಲ್ಟ್ ಯಂತ್ರಗಳೇ. ಸೀಸದ ದಪ್ಪ ಗೋಡೆಯ ತಲೆಯೊಳಗೆ ಗುಳಿಗೆಗಳ ಕೋಶ ಕೂತಿರುತ್ತದೆ. ಗುಂಡಿ ಒತ್ತಿದರೆ ಕಿಂಡಿ ತೆರೆಯುತ್ತದೆ, ಕಿರಣ ರೋಗಿಯ ಗೆಡ್ಡೆಯ ಮೇಲೆ ಬೀಳುತ್ತದೆ. ಲೆಕ್ಕದ ನಿಮಿಷಗಳಾದ ಮೇಲೆ ಕಿಂಡಿ ಮುಚ್ಚುತ್ತದೆ. ಗುಂಡಿಯ ಅಧಿಕಾರ ಕಿಂಡಿಯ ಮೇಲೆ ಮಾತ್ರ. ಒಳಗಿನ ಕೋಬಾಲ್ಟ್ ವಿದ್ಯುತ್ ಹೋದರೂ, ಯಂತ್ರ ಕೆಟ್ಟರೂ, ಆಸ್ಪತ್ರೆಯೇ ಮುಚ್ಚಿದರೂ ತನ್ನ ಪಾಡಿಗೆ ತಾನು ಉರಿಯುತ್ತಿರುತ್ತದೆ. ಅರ್ಧಕ್ಕೆ ಇಳಿಯಲು ಅದಕ್ಕೆ ಐದು ಕಾಲು ವರ್ಷ ಬೇಕು.

ಹುವಾರೆಸ್‌ನ ಆಸ್ಪತ್ರೆ ಈ ಯಂತ್ರವನ್ನು 1977ರಲ್ಲಿ ಅಮೆರಿಕದಿಂದ ಸೆಕೆಂಡ್ ಹ್ಯಾಂಡ್ ಆಗಿ ತರಿಸಿತ್ತು. ಬೆಲೆ 16,000 ಡಾಲರ್. ಮೆಕ್ಸಿಕೋದ ಪರಮಾಣು ಅಧಿಕಾರಿಗಳ ಅನುಮತಿ ಇರಲಿಲ್ಲ. ತಂದ ಮೇಲೆ ಅದನ್ನು ನಡೆಸಬಲ್ಲ ತಜ್ಞರೂ ಸಿಗಲಿಲ್ಲ. ಹೀಗಾಗಿ ಒಬ್ಬ ರೋಗಿಗೂ ಉಪಯೋಗವಾಗದೆ ಆರು ವರ್ಷ ಗೋದಾಮಿನಲ್ಲಿ ಬಿದ್ದಿತ್ತು. ಆರು ವರ್ಷದಲ್ಲಿ ಸಿಬ್ಬಂದಿ ಬದಲಾಗುತ್ತಾರೆ, ಕಡತ ಕಪಾಟಿನ ಹಿಂದೆ ಸೇರುತ್ತದೆ, ಮೂಲೆಯಲ್ಲಿರುವ ಸಾಮಾನಿನ ಹೆಸರು 'ಆ ಹಳೇದು' ಎಂದಾಗುತ್ತದೆ. ಆಸ್ಪತ್ರೆಯ ನಿರ್ವಹಣೆಯ ಕೆಲಸಗಾರನೊಬ್ಬ ಡಿಸೆಂಬರಿನ ಆ ದಿನ ಅದನ್ನು ಬಿಚ್ಚಿ ಪಿಕಪ್ ಗಾಡಿಗೆ ಹೇರಿಕೊಂಡು ಹೋದ. ಆ ಗಡಿಬಿಡಿಯಲ್ಲಿ ಕೋಶ ಒಡೆದು ಒಂದಷ್ಟು ಗುಳಿಗೆ ಗಾಡಿಯೊಳಗೇ ಉದುರಿದವು. ಆಮೇಲೆ ಗಾಡಿ ಕೆಟ್ಟು ಅವನ ಮನೆಯ ಬೀದಿಯಲ್ಲಿ ವಾರಗಟ್ಟಲೆ ನಿಂತಿತ್ತು. ಅಕ್ಕಪಕ್ಕದವರು ಅದರ ಮಗ್ಗುಲಲ್ಲೇ ಓಡಾಡಿದರು.

ಗುಜರಿ ಅಂಗಡಿಯಲ್ಲಿ ಇನ್ನೊಂದು ವಿಪರೀತ ಕಾದಿತ್ತು. ಅಲ್ಲಿ ಕಬ್ಬಿಣ ಎತ್ತುವುದು ದೊಡ್ಡ ವಿದ್ಯುತ್ಕಾಂತದ ಕ್ರೇನು. ಕಬ್ಬಿಣ, ನಿಕ್ಕಲ್ ಹಾಗೆಯೇ ಕೋಬಾಲ್ಟ್ ಕೂಡ ಅಯಸ್ಕಾಂತಕ್ಕೆ ಅಂಟುವ ಲೋಹ. ಜಗತ್ತಿನ ನೂರಾರು ಲೋಹ, ಮಿಶ್ರಲೋಹಗಳಲ್ಲಿ ಕ್ರೇನಿಗೆ ತಾನಾಗಿ ಹತ್ತಿಕೊಳ್ಳುವ ಕೆಲವೇ ಕೆಲವುಗಳ ಪೈಕಿ ಇದೂ ಒಂದಾಗಬೇಕೇ! ಕ್ರೇನು ಒಂದೊಂದು ಸಲ ಎತ್ತಿ ಇಳಿಸಿದಾಗಲೂ ರಾಗಿ ಕಾಳುಗಳು ಅಂಗಳದ ತುಂಬ ಚೆಲ್ಲಾಡಿದವು, ಬೇರೆ ಬೇರೆ ಗುಜರಿ ರಾಶಿಗೆ ಸೇರಿದವು, ಅಲ್ಲಿಂದ ಲಾರಿ ಹತ್ತಿ ಫೌಂಡ್ರಿಗಳ ಕುಲುಮೆಗೆ ಬಿದ್ದವು. ಒಂದು ಫೌಂಡ್ರಿಯಲ್ಲಿ ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಕಂಬಿಯಾದವು. ಇನ್ನೊಂದರಲ್ಲಿ ಹೋಟೆಲುಗಳ ಮೇಜಿಗೆ ಕೂರಿಸುವ ಎರಕದ ಕಾಲುಗಳಾದವು. ಕಂಬಿ ಸುಮಾರು 6,600 ಟನ್. ಮೇಜಿನ ಕಾಲು ಸುಮಾರು 30,000. ಅವು ಮೆಕ್ಸಿಕೋದ ಊರೂರಿಗೂ ಹೋದವು, ಗಡಿ ದಾಟಿ ಅಮೆರಿಕಕ್ಕೂ ಹೋದವು.

ಇದೆಲ್ಲ ನಡೆಯುವಾಗ ಯಾರಿಗೂ ಏನೂ ಗೊತ್ತಿಲ್ಲ. ಆಸ್ಪತ್ರೆಯವರು ಕಳೆದುಕೊಂಡ ವಸ್ತುವನ್ನು ಹುಡುಕುತ್ತಿರಲಿಲ್ಲ, ಕಳೆದಿದೆ ಎಂಬುದೇ ಅವರ ಗಮನದಲ್ಲಿರಲಿಲ್ಲ. ಹಾಗಿದ್ದರೆ ಗೊತ್ತಾದದ್ದು ಹೇಗೆ? ಒಬ್ಬ ಲಾರಿ ಚಾಲಕ ದಾರಿ ತಪ್ಪಿದ್ದರಿಂದ. 1984ರ ಜನವರಿ 16ರಂದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಕಂಬಿ ತುಂಬಿದ ಲಾರಿಯೊಂದು ತಪ್ಪು ತಿರುವು ತೆಗೆದುಕೊಂಡು ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದ ರಸ್ತೆಗೆ ಬಂತು. ಮೊದಲ ಅಣುಬಾಂಬು ರೂಪುಗೊಂಡ ಜಾಗ ಅದು. ಅಲ್ಲಿಂದ ವಿಕಿರಣ ವಸ್ತು ಹೊರಗೆ ಸಾಗದಂತೆ ಕಾಯಲು ರಸ್ತೆ ಬದಿಯಲ್ಲಿ ಸಂವೇದಕಗಳನ್ನು ಇಟ್ಟಿದ್ದರು. ಒಳಗಿನಿಂದ ಹೊರಗೆ ಹೋಗುವುದನ್ನು ಹಿಡಿಯಲು ಇಟ್ಟ ಗಂಟೆ ಹೊರಗಿನಿಂದ ಒಳಗೆ ಬಂದದ್ದಕ್ಕೆ ಹೊಡೆದುಕೊಂಡಿತು. ಗುಜರಿಗೆ ಬಿದ್ದ ದಿನದಿಂದ 41 ದಿನ. ಆ ತಿರುವು ಸರಿಯಾಗಿದ್ದರೆ ಎಷ್ಟು ದಿನವಾಗುತ್ತಿತ್ತೋ, ಎಷ್ಟು ಮನೆಗಳ ತಾರಸಿಗೆ ಸೇರುತ್ತಿತ್ತೋ.

ಆಮೇಲೆ ಶುರುವಾದದ್ದು ಎಣಿಕೆಯ ಕೆಲಸ. ಮೆಕ್ಸಿಕೋದ ಪರಮಾಣು ಸುರಕ್ಷತೆಯವರು ಅಳತೆಯ ಪೆಟ್ಟಿಗೆ ಹಿಡಿದು, ಆ ತಿಂಗಳುಗಳಲ್ಲಿ ಕಟ್ಟಿದ ಕಟ್ಟಡಗಳನ್ನು ಹುಡುಕಿಕೊಂಡು ರಾಜ್ಯ ರಾಜ್ಯ ತಿರುಗಿದರು. ನೋಡಿದ 17,636 ಕಟ್ಟಡಗಳ ಪೈಕಿ 814ರಲ್ಲಿ ಕಂಬಿಯ ವಿಕಿರಣ ಮಿತಿ ಮೀರಿತ್ತು. ಅವನ್ನು ಪೂರ್ತಿಯಾಗಿಯೋ ಭಾಗಶಃವೋ ಕೆಡವಿದರು. ಇಪ್ಪತ್ತೆರಡು ಕಟ್ಟಡಕ್ಕೆ ಒಂದು. ಸುಮಾರು 4,000 ಜನ ಒಂದಲ್ಲ ಒಂದು ಪ್ರಮಾಣದಲ್ಲಿ ವಿಕಿರಣಕ್ಕೆ ಒಡ್ಡಿಕೊಂಡಿದ್ದರು. ಬೀದಿಗಳಲ್ಲಿ, ಹೆದ್ದಾರಿಗಳ ಅಂಚಿನಲ್ಲಿ ಉದುರಿದ್ದ ಬಿಡಿ ಗುಳಿಗೆಗಳನ್ನು ಹುಡುಕಲು ಹೆಲಿಕಾಪ್ಟರ್ ಹಾರಿಸಿದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಒಂದೂವರೆ ಚಮಚ ಎಂದೆ. ಅದೂ ಹೆಚ್ಚೇ. ನಲವತ್ತು ಗ್ರಾಂ ಗುಳಿಗೆಗಳಲ್ಲಿ ಬಹುಪಾಲು ಸಾಮಾನ್ಯ, ಯಾರಿಗೂ ತೊಂದರೆ ಕೊಡದ ಕೋಬಾಲ್ಟ್. ಅಪ್ಪಟ ಕೋಬಾಲ್ಟ್-60 ಆದರೆ ಒಂದು ಗ್ರಾಮಿನಲ್ಲೇ ಸಾವಿರದ ನೂರು ಕ್ಯೂರಿಗೂ ಹೆಚ್ಚು ಇರುತ್ತದೆ. ಹಾಗಾಗಿ 450 ಕ್ಯೂರಿ ಎಂದರೆ 0.4 ಗ್ರಾಂ. ಅರ್ಧ ಗ್ರಾಂ ಕೂಡ ಇಲ್ಲ. ಇಷ್ಟೂ 6,600 ಟನ್ ಉಕ್ಕಿಗೇ ಸೇರಿತು ಎಂದು ಇಟ್ಟುಕೊಂಡರೆ ಉಕ್ಕಿನ 1,650 ಕೋಟಿ ಪಾಲಿನಲ್ಲಿ ಇದು ಒಂದು ಪಾಲು. ಬೇರೆ ಯಾವ ವಿಷವಾದರೂ ಇಷ್ಟು ತೆಳುವಾದ ಮೇಲೆ ಇಲ್ಲವೆಂದೇ ಲೆಕ್ಕ. ಅರ್ಧ ಗ್ರಾಮಿಗೂ ಕಡಿಮೆ ಪಾಷಾಣವನ್ನು ಆರು ಸಾವಿರ ಟನ್ ಉಕ್ಕಿನೊಳಗೆ ಕಲಸಿಬಿಟ್ಟರೆ, ಹೋಗುವ ಲಾರಿಯನ್ನು ರಸ್ತೆ ಬದಿಯಲ್ಲಿ ನಿಂತು ಹಿಡಿಯಬಲ್ಲ ಯಂತ್ರ ಭೂಮಿಯ ಮೇಲಿಲ್ಲ. ಕೋಬಾಲ್ಟನ್ನು ಹಿಡಿಯಬಹುದು. ಒಂದೊಂದು ಪರಮಾಣು ಸಾಯುವಾಗಲೂ ಎರಡೆರಡು ಗಾಮಾ ಕಿರಣ ಬಿಟ್ಟು ತನ್ನ ಇರುವಿಕೆಯನ್ನು ಸಾರುತ್ತದೆ. ಕೊಲ್ಲುವ ಗುಣವೂ ಸಿಕ್ಕಿಬೀಳುವ ಗುಣವೂ ಒಂದೇ. ಇಷ್ಟು ಅಪಾಯದ ವಸ್ತು ಇಷ್ಟು ಸುಲಭಕ್ಕೆ ಪತ್ತೆಯಾಗುವಂಥದ್ದು ಬೇರೊಂದು ನನಗೆ ತಿಳಿದ ಮಟ್ಟಿಗೆ ಇಲ್ಲ. ಅಳೆಯುವ ಪೆಟ್ಟಿಗೆ ಹಿಡಿದವರು ಹತ್ತಿರ ಬರಬೇಕು, ಬಂದಮೇಲೆ ಪೆಟ್ಟಿಗೆಯ ಮಾತನ್ನು ನಂಬಬೇಕು, ಅಷ್ಟೇ.

ಈ ಎರಡನೆಯದು ಕಷ್ಟ. ಲಾಸ್ ಅಲಾಮೋಸ್‌ನಲ್ಲಿ ನಂಬಿದರು, ಏಕೆಂದರೆ ಅಲ್ಲಿನವರ ಕಸುಬೇ ಅದು. ಬೇರೆ ಕಡೆ ಏನಾಯಿತು ನೋಡಿ.

1987ರ ಸೆಪ್ಟೆಂಬರ್, ಬ್ರೆಜಿಲ್‌ನ ಗೋಯಾನಿಯಾ ನಗರ. ಅಲ್ಲಿನ ವಿಕಿರಣ ಚಿಕಿತ್ಸಾಲಯವೊಂದು ಸುಮಾರು ಎರಡು ವರ್ಷದ ಹಿಂದೆ ಬೇರೆ ಕಟ್ಟಡಕ್ಕೆ ಹೋಗುವಾಗ ತನ್ನ ಕೋಬಾಲ್ಟ್ ಯಂತ್ರವನ್ನು ಜೊತೆಗೆ ಕೊಂಡೊಯ್ದು, ಸೀಸಿಯಂ-137 ಇದ್ದ ಯಂತ್ರವನ್ನು ಹಳೆಯ ಕಟ್ಟಡದಲ್ಲೇ ಬಿಟ್ಟಿತ್ತು. ಪರವಾನಗಿ ಕೊಡುವವರಿಗೆ ತಿಳಿಸಿರಲಿಲ್ಲ. ಪಾಳುಬಿದ್ದ ಕಟ್ಟಡಕ್ಕೆ ನುಗ್ಗಿದ ಇಬ್ಬರು ಗುಜರಿಯ ಆಸೆಗೆ ಯಂತ್ರದ ತಲೆಯನ್ನು ಕಿತ್ತು ತಳ್ಳುಗಾಡಿಯಲ್ಲಿ ಮನೆಗೆ ಒಯ್ದರು. ಒಳಗಿದ್ದದ್ದು 93 ಗ್ರಾಂ ಸೀಸಿಯಂ ಕ್ಲೋರೈಡ್, ಅದರ ಬಲ 1,375 ಕ್ಯೂರಿ. ಕೋಬಾಲ್ಟಿನ ಹಾಗೆ ಗಟ್ಟಿ ಲೋಹವಲ್ಲ, ಉಪ್ಪಿನ ಜಾತಿ. ನೀರಿನಲ್ಲಿ ಕರಗುತ್ತದೆ, ಕೈಗೆ ಅಂಟುತ್ತದೆ, ಬಟ್ಟೆಗೆ ಹತ್ತುತ್ತದೆ. ಕತ್ತಲೆಯಲ್ಲಿ ನೀಲಿಯಾಗಿ ಬೆಳಗುತ್ತದೆ. ಗುಜರಿ ಅಂಗಡಿಯವನು ಆ ಬೆಳಕನ್ನು ಬಂಧುಮಿತ್ರರಿಗೆ ಚಿಟಿಕೆ ಚಿಟಿಕೆಯಾಗಿ ಹಂಚಿದ.

ಈ ಕತೆಯನ್ನು ಹಲವರು ಕೇಳಿರಬಹುದು. ಅದರಲ್ಲಿ ನನ್ನನ್ನು ಬಿಡದೆ ಕಾಡುವ ಭಾಗ ನೀಲಿ ಬೆಳಕಿನದ್ದಲ್ಲ, ಸೆಪ್ಟೆಂಬರ್ 29ರ ಬೆಳಗಿನದ್ದು. ಮನೆಯವರಿಗೆಲ್ಲ ಕಾಯಿಲೆ ಬಂದದ್ದು ಈ ಪುಡಿಯಿಂದಲೇ ಎಂದು ಗುಜರಿಯವನ ಹೆಂಡತಿಗೆ ಅನುಮಾನ ಬಂದು, ಆಕೆ ಹಿಂದಿನ ದಿನ ಉಳಿದದ್ದನ್ನು ಚೀಲಕ್ಕೆ ಹಾಕಿಸಿ, ಸಿಟಿ ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ಒಯ್ದಿದ್ದಳು. ಇಡೀ ಪ್ರಕರಣದಲ್ಲಿ ಸರಿಯಾಗಿ ಯೋಚಿಸಿದ ಮೊದಲ ವ್ಯಕ್ತಿ ಆಕೆಯೇ. ವೈದ್ಯರೊಬ್ಬರಿಗೆ ವಿಕಿರಣದ ಸಂಶಯ ಬಂದು, ಊರಿಗೆ ಬಂದಿದ್ದ ಒಬ್ಬ ಭೌತಶಾಸ್ತ್ರಜ್ಞನಿಗೆ ಹೇಳಿದರು. ಆತ ಯುರೇನಿಯಂ ಅದಿರು ಹುಡುಕುವ ಸರ್ಕಾರಿ ಕಚೇರಿಯಿಂದ ಅಳತೆಯ ಉಪಕರಣ ಎರವಲು ಪಡೆದು ಹೊರಟ. ಆರೋಗ್ಯ ಇಲಾಖೆಯ ಕಚೇರಿ ಇನ್ನೂ ಅಷ್ಟು ದೂರವಿರುವಾಗಲೇ ಉಪಕರಣದ ಮುಳ್ಳು ಕೊನೆಯ ಗೆರೆಗೆ ಹೋಗಿ ನಿಂತಿತು. ಯಾವ ಕಡೆ ತಿರುಗಿಸಿದರೂ ಅಲ್ಲಿಂದ ಅಲುಗಲೊಲ್ಲದು. ಉಪಕರಣ ಕೆಟ್ಟಿದೆ ಎಂದುಕೊಂಡು ಆತ ವಾಪಸು ಹೋಗಿ ಇನ್ನೊಂದನ್ನು ತಂದ. ಎರಡನೆಯದರ ಮುಳ್ಳೂ ಅಲ್ಲೇ ನಿಂತಿತು. ಆಗ ನಂಬಿದ. ಆತ ಬರುವ ಹೊತ್ತಿಗೆ ಅಗ್ನಿಶಾಮಕದವರು ಆ ಚೀಲವನ್ನು ನದಿಗೆ ಎಸೆಯುವ ಸಿದ್ಧತೆಯಲ್ಲಿದ್ದರು.

ಆತನನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಕಲ್ಲಿನೊಳಗಿನ ಯುರೇನಿಯಂ ಹುಡುಕಲು ಮಾಡಿದ ಸೂಕ್ಷ್ಮ ಉಪಕರಣ ನಡುಬೀದಿಯಲ್ಲಿ ಗರಿಷ್ಠ ತೋರಿಸಿದರೆ ಬುದ್ಧಿ ಇರುವ ಯಾರಾದರೂ ಮೊದಲು ಉಪಕರಣವನ್ನೇ ಅನುಮಾನಿಸುತ್ತಾರೆ. ಸಂಖ್ಯೆ ಸ್ವಲ್ಪ ಜಾಸ್ತಿ ಬಂದರೆ ಗಾಬರಿಯಾಗುತ್ತೇವೆ. ವಿಪರೀತ ಜಾಸ್ತಿ ಬಂದರೆ ನಗು ಬರುತ್ತದೆ, ಬ್ಯಾಟರಿ ತೆಗೆದು ಹಾಕುತ್ತೇವೆ.

ಗೋಯಾನಿಯಾದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ಒಂದು ಲಕ್ಷದ ಹನ್ನೆರಡು ಸಾವಿರಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿದರು. 249 ಜನರ ಮೈ ಮೇಲೋ ಒಳಗೋ ಸೀಸಿಯಂ ಸಿಕ್ಕಿತು. ನಾಲ್ವರು ಸತ್ತರು. ಅವರಲ್ಲಿ ಬಸ್ಸಿನಲ್ಲಿ ಚೀಲ ಒಯ್ದ ಆ ಹೆಂಗಸೂ ಒಬ್ಬಳು, ಆರು ವರ್ಷದ ಒಂದು ಹುಡುಗಿಯೂ ಒಬ್ಬಳು. ಮನೆಗಳನ್ನು ಕೆಡವಿದರು, ಅಂಗಳದ ಮಣ್ಣು ಕೆರೆದರು. ಬಟ್ಟೆ, ಹಾಸಿಗೆ, ಆಟಿಕೆ, ಫೋಟೋ, ಸಾಕುಪ್ರಾಣಿ, ಯಾವುದನ್ನೂ ಬಿಡಲಿಲ್ಲ. ತುಂಬಿಟ್ಟ ಕಸ 3,500 ಘನ ಮೀಟರ್. ಡ್ರಮ್ಮುಗಳೇ 3,800. ಮೂಲದ ಪುಡಿಯ ಗಾತ್ರ 31 ಘನ ಸೆಂಟಿಮೀಟರ್, ಎರಡು ದೊಡ್ಡ ಚಮಚ. ಭಾಗಿಸಿ ನೋಡಿದರೆ ಕಳೆದ ವಸ್ತುವಿಗಿಂತ ಅದನ್ನು ಒರೆಸಿದ ಕಸ ಹನ್ನೊಂದು ಕೋಟಿ ಪಟ್ಟಿಗಿಂತಲೂ ದೊಡ್ಡದು. ಅಷ್ಟು ಮಾಡಿದರೂ ಪೂರ್ತಿ ಸಿಗಲಿಲ್ಲ. 1,375 ಕ್ಯೂರಿಯಲ್ಲಿ ಕಸದೊಳಗೆ ಸೇರಿದ್ದು ಏಳರಲ್ಲಿ ಆರು ಪಾಲು ಎಂದು ಅಂದಾಜು.

ಹುವಾರೆಸ್‌ನಲ್ಲಿ ಯಂತ್ರ ಗೋದಾಮಿನಲ್ಲಿತ್ತು, ಗೋಯಾನಿಯಾದಲ್ಲಿ ಪಾಳು ಕಟ್ಟಡದಲ್ಲಿತ್ತು. ಇವೆರಡನ್ನೂ ಮರೆವು ಎನ್ನಬಹುದು. ಆದರೆ ದೀಪ ಉರಿಯುತ್ತಿರುವ, ವೈದ್ಯರೂ ನರ್ಸುಗಳೂ ಎದುರಿಗೇ ನಿಂತಿರುವ ಕ್ಯಾನ್ಸರ್ ಕೇಂದ್ರದ ಕೋಣೆಯಲ್ಲಿ, ಚಿಕಿತ್ಸೆಯ ನಡುವೆಯೇ ವಿಕಿರಣ ವಸ್ತು ಕಳೆದುಹೋಗಲು ಸಾಧ್ಯವೇ? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಇಂಡಿಯಾನಾ ಎಂಬ ಸಣ್ಣ ಊರಿನಲ್ಲಿ 1992ರ ನವೆಂಬರ್ 16ರಂದು ಹಾಗೇ ಆಯಿತು.

ಅದು ಹೊರಗಿನಿಂದ ಕಿರಣ ಬಿಡುವ ಚಿಕಿತ್ಸೆಯಲ್ಲ. ಗೆಡ್ಡೆಯೊಳಗೆ ತೆಳ್ಳನೆಯ ಪ್ಲಾಸ್ಟಿಕ್ ನಳಿಕೆಗಳನ್ನು ಕೂರಿಸಿ, ತಂತಿಯ ತುದಿಗೆ ಬೆಸೆದ ಇರಿಡಿಯಂ-192ರ ಚೂರನ್ನು ಯಂತ್ರದ ಮೂಲಕ ಒಂದೊಂದೇ ನಳಿಕೆಗೆ ತೂರಿಸಿ ಹೊರತೆಗೆಯುವ ವಿಧಾನ. ಚೂರಿನ ಬಲ 4.3 ಕ್ಯೂರಿ. ಹುವಾರೆಸ್‌ನ ನೂರನೆಯ ಒಂದು ಪಾಲು. ಉದ್ದ ಕೆಲವೇ ಮಿಲಿಮೀಟರ್. ರೋಗಿ 82 ವರ್ಷದ ವೃದ್ಧೆ. ಐದು ನಳಿಕೆಗಳಲ್ಲಿ ನಾಲ್ಕು ಸರಾಗವಾಗಿ ಮುಗಿದವು. ಐದನೆಯದರಲ್ಲಿ ತಂತಿ ಸಲೀಸಾಗಿ ಹೋಗಲಿಲ್ಲ. ಕೆಲವು ಸಲ ಪ್ರಯತ್ನಿಸಿ ಅಲ್ಲಿಗೇ ನಿಲ್ಲಿಸಿದರು. ತಂತಿ ಯಂತ್ರದೊಳಗೆ ಹಿಂತಿರುಗಿತು, ಯಂತ್ರದ ಪರದೆ ಎಲ್ಲ ಸುರಕ್ಷಿತ ಎಂದಿತು. ಆದರೆ ಹಿಂತಿರುಗಿದ್ದು ತಂತಿ ಮಾತ್ರ. ತುದಿ ಮುರಿದು ಇರಿಡಿಯಂ ಚೂರು ರೋಗಿಯ ದೇಹದೊಳಗೆ ಉಳಿದಿತ್ತು.

ಕೋಣೆಯ ಗೋಡೆಯಲ್ಲಿ ವಿಕಿರಣ ಸೂಚಕವೊಂದಿತ್ತು. ಅದು ಕೆಂಪು ದೀಪ ಮಿನುಗಿಸುತ್ತಿತ್ತು. ಅಲ್ಲಿದ್ದವರು ನೋಡಿದರು ಕೂಡ. ಆದರೆ ಆ ಸೂಚಕ ಹಿಂದೆಯೂ ಕಾರಣವಿಲ್ಲದೆ ಮಿನುಗಿತ್ತಂತೆ, ಇವತ್ತೂ ಹಾಗೇ ಇರಬೇಕು ಎಂದುಕೊಂಡರು. ಕೈಯಲ್ಲಿ ಹಿಡಿದು ನೋಡುವ ಅಳತೆಯ ಉಪಕರಣ ಕೇಂದ್ರದಲ್ಲಿ ಇತ್ತು, ಅದನ್ನು ತಂದು ರೋಗಿಯ ಮೇಲೆ ಆಡಿಸಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಯಾರೂ ತರಲಿಲ್ಲ. ಗೋಯಾನಿಯಾದ ಭೌತಶಾಸ್ತ್ರಜ್ಞ ಎರಡನೆಯ ಉಪಕರಣ ತಂದ, ಇವರು ತರಲಿಲ್ಲ. ಎರಡೂ ಕಡೆಯ ವ್ಯತ್ಯಾಸ ಇಷ್ಟೇ, ಮತ್ತು ಈ ವ್ಯತ್ಯಾಸಕ್ಕೆ ಕ್ಷಮೆ ಇಲ್ಲ ಎಂದು ನನ್ನ ಅಭಿಪ್ರಾಯ.

ವೃದ್ಧೆಯನ್ನು ಆಕೆ ಇರುತ್ತಿದ್ದ ವೃದ್ಧರ ಆರೈಕೆ ಕೇಂದ್ರಕ್ಕೆ ವಾಪಸು ಕಳಿಸಿದರು. ಮುಂದಿನ ದಿನಗಳಲ್ಲಿ ಆಕೆಯನ್ನು ಮಗ್ಗುಲಾಗಿಸಿದವರು, ಒರೆಸಿದವರು, ಉಣಿಸಿದವರು, ನೋಡಲು ಬಂದ ನೆಂಟರು, ಪಕ್ಕದ ಹಾಸಿಗೆಯವರು ಯಾರಿಗೂ ಏನೂ ತಿಳಿಯದು. ನಾಲ್ಕನೆಯ ದಿನ, ದೇಹದಲ್ಲೇ ಬಿಟ್ಟಿದ್ದ ಆ ನಳಿಕೆ ತಾನಾಗಿ ಕಳಚಿ ಬಿತ್ತು, ಅದರೊಳಗೆ ಇರಿಡಿಯಂ ಚೂರೂ ಇತ್ತು. ಸಿಬ್ಬಂದಿ ಅದನ್ನು ವೈದ್ಯಕೀಯ ಕಸದ ಕೆಂಪು ಚೀಲಕ್ಕೆ ಹಾಕಿದರು. ಮಾರನೆಯ ದಿನ ವೃದ್ಧೆ ತೀರಿಕೊಂಡರು. ಕ್ಯಾನ್ಸರ್ ಇದ್ದ ಇಳಿವಯಸ್ಸಿನವರು, ಸಾವಿಗೆ ಬೇರೆ ಕಾರಣವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಚಿಕಿತ್ಸೆಯ ಲೆಕ್ಕ ಹೀಗಿತ್ತು: ಚೂರಿನಿಂದ ಒಂದು ಸೆಂಟಿಮೀಟರ್ ದೂರದ ಅಂಗಾಂಶಕ್ಕೆ ಮೂರು ಕಂತಿನಲ್ಲಿ ಒಟ್ಟು 18 ಗ್ರೇ. ಗ್ರೇ ಎಂಬುದು ದೇಹ ಹೀರಿಕೊಂಡ ವಿಕಿರಣದ ಅಳತೆ. ಇಡೀ ಮೈಗೆ ಒಮ್ಮೆಗೇ ನಾಲ್ಕೈದು ಗ್ರೇ ಬಿದ್ದರೆ, ಚಿಕಿತ್ಸೆ ಸಿಗದಿದ್ದಲ್ಲಿ, ಅರ್ಧದಷ್ಟು ಜನ ಬದುಕುವುದಿಲ್ಲ. ಆ ವೃದ್ಧೆಗೆ ಆ ಒಂದು ಸೆಂಟಿಮೀಟರಿನಲ್ಲಿ ಬಿದ್ದದ್ದು ಸುಮಾರು 16,000 ಗ್ರೇ. ಬರೆದುಕೊಟ್ಟದ್ದರ ಒಂಬೈನೂರು ಪಟ್ಟು. ಓದಿದಾಗ ಸೊನ್ನೆ ಜಾಸ್ತಿ ಬಿದ್ದಿದೆ ಎಂದೇ ನಾನು ತಿಳಿದೆ. ಅಂಥ ಚೂರು ಒಂದು ಸೆಂಟಿಮೀಟರ್ ದೂರಕ್ಕೆ ಗಂಟೆಗೆ ಎಷ್ಟು ಕೊಡುತ್ತದೆ ಎಂಬುದನ್ನು ಹಿಡಿದು, ದೇಹದೊಳಗೆ ಇದ್ದ ಗಂಟೆಗಳಿಂದ ಗುಣಿಸಿದರೆ ಅದೇ ಆಸುಪಾಸು ಬರುತ್ತದೆ. ಸೊನ್ನೆ ಸರಿಯಾಗಿಯೇ ಇದೆ.

ಕೆಂಪು ಚೀಲ ಕಸದ ಲಾರಿ ಹತ್ತಿತು. ಪಕ್ಕದ ಒಹಾಯೊ ರಾಜ್ಯದ ಕಸ ಸುಡುವ ಘಟಕದ ಬಾಗಿಲಲ್ಲಿ ವಿಕಿರಣ ಸೂಚಕವಿತ್ತು, ಅದು ಬಡಿದುಕೊಂಡಿತು. ಅಲ್ಲಿನವರು ನಂಬಿದರು. ಲಾರಿಯನ್ನು ಹಿಂದಕ್ಕೆ ಕಳಿಸಿ, ಪೆಟ್ಟಿಗೆ ಪೆಟ್ಟಿಗೆ ಬಿಚ್ಚಿ ಹುಡುಕಿ, ಡಿಸೆಂಬರ್ 1ರಂದು ಚೂರು ಯಾರದೆಂದು ಪತ್ತೆ ಮಾಡಿದರು. ಚಿಕಿತ್ಸೆ ಕೊಟ್ಟವರಿಗೆ ತಮ್ಮ ವಸ್ತು ತಮ್ಮಲ್ಲಿಲ್ಲ ಎಂದು ತಿಳಿದದ್ದು ಹದಿನೈದು ದಿನವಾದ ಮೇಲೆ, ಕಸದವರಿಂದ. ಅಷ್ಟರಲ್ಲಿ 94 ಜನರ ಮೈಗೆ ಅದರ ಕಿರಣ ತಾಗಿತ್ತು. ಡಿಸೆಂಬರ್ 7ರಂದು, ಮೊದಲ ಘಟನೆಯಾಗಿ ಸರಿಯಾಗಿ ಮೂರು ವಾರಕ್ಕೆ, ಪಿಟ್ಸ್‌ಬರ್ಗ್‌ನ ಇನ್ನೊಂದು ಕೇಂದ್ರದಲ್ಲಿ ಅದೇ ಮಾದರಿಯ ಯಂತ್ರದ ತಂತಿ ಮುರಿಯಿತು. ಅಲ್ಲಿನವರು ಒಡನೆಯೇ ಕಂಡುಹಿಡಿದರು.

ಕಸದ ಘಟಕದ ಬಾಗಿಲಲ್ಲಿ ಇಂಥ ಸೂಚಕ ಇಟ್ಟದ್ದು ಸುಮ್ಮನೆ ಅಲ್ಲ. ಆಸ್ಪತ್ರೆಗಳಿಂದ ವಿಕಿರಣ ಜಿನುಗುವುದು ದಿನನಿತ್ಯದ ಸಂಗತಿ, ಬಹುತೇಕ ನಿರುಪದ್ರವಿ. ಥೈರಾಯ್ಡಿಗೆ ಅಯೋಡಿನ್-131 ಕುಡಿದು ಮನೆಗೆ ಹೋದವರ ಕಸ ಗಂಟೆ ಬಾರಿಸುತ್ತದೆ, ಎಂಟು ದಿನಕ್ಕೆ ಅರ್ಧ, ಇನ್ನೆಂಟು ದಿನಕ್ಕೆ ಕಾಲು, ಹೀಗೆ ಕರಗಿಹೋಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಒಬ್ಬೊಬ್ಬರ ದೇಹದಲ್ಲಿ ನೂರರ ಹತ್ತಿರ ಬಿತ್ತುವ ಅಯೋಡಿನ್-125ರ ಬೀಜಗಳಲ್ಲಿ ಒಂದೆರಡು ಆಪರೇಷನ್ ಕೋಣೆಯ ನೆಲಕ್ಕೆ ಬೀಳುವುದೂ ಉಂಟು. ರೇಡಿಯಂ ಕಾಲದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಗಾಯದ ಬಟ್ಟೆಯ ಜೊತೆ ರೇಡಿಯಂ ಸೂಜಿ ಚರಂಡಿಗೋ ಒಲೆಗೋ ಹೋಗಿಬಿಡುತ್ತಿತ್ತು. ಅದು ಅರ್ಧವಾಗಲು 1,600 ವರ್ಷ. ಕಳೆದ ರೇಡಿಯಂ ಹುಡುಕುವುದರ ಬಗ್ಗೆಯೇ ಅಮೆರಿಕದ ವೈದ್ಯ ರಾಬರ್ಟ್ ಟಾಫ್ಟ್ 1938ರಲ್ಲಿ ಒಂದು ಪುಸ್ತಕ ಬರೆದರು ಎಂದರೆ ಎಷ್ಟು ಕಳೆಯುತ್ತಿದ್ದಿರಬೇಕು!

ನಮ್ಮ ದೇಶದ ಹೆಸರೂ ಈ ಪಟ್ಟಿಯಲ್ಲಿದೆ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಸಿಕ್ಕಿತು. ಆಸ್ಪತ್ರೆಯದ್ದಲ್ಲ, ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ್ದು. 1968ರಲ್ಲಿ ಕೆನಡಾದಿಂದ ತಂದ ಯಂತ್ರ, 1985ರಿಂದ ಮೂಲೆ ಸೇರಿತ್ತು, ಕಾಲು ಶತಮಾನ ಸುಮ್ಮನೆ ಕೂತು ಹರಾಜಿನಲ್ಲಿ ಹೋಯಿತು. ಗುಜರಿಯವನೊಬ್ಬ ಅದರ ಚೂರೊಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದ. ಒಬ್ಬರು ಸತ್ತರು, ಏಳು ಜನ ಆಸ್ಪತ್ರೆ ಸೇರಿದರು. ಹುವಾರೆಸ್‌ನ ಯಂತ್ರ ಆರು ವರ್ಷ ಮರೆತದ್ದಾದರೆ ಇದು ಇಪ್ಪತ್ತೈದು. ಐದು ಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು ಇಪ್ಪತ್ತೈದು ವರ್ಷಕ್ಕೆ ಇಪ್ಪತ್ತೇಳರಲ್ಲಿ ಒಂದು ಪಾಲಿಗೆ ಇಳಿದಿದ್ದ ಕೋಬಾಲ್ಟ್ ಮಾಡಿದ ಹಾನಿ ಇದು.

ಮೆಕ್ಸಿಕೋದಲ್ಲಿ 2013ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಆಯಿತು. ತಿಹುವಾನಾದ ಆಸ್ಪತ್ರೆಯೊಂದರ ಹಳೆಯ ಕೋಬಾಲ್ಟ್ ಯಂತ್ರವನ್ನು, ಈ ಸಲ ನಿಯಮದಂತೆ, ಶಾಶ್ವತವಾಗಿ ಇಡುವ ಕೇಂದ್ರಕ್ಕೆ ಲಾರಿಯಲ್ಲಿ ಒಯ್ಯುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ ಚಾಲಕ ವಿಶ್ರಮಿಸುತ್ತಿದ್ದಾಗ ಬಂದೂಕು ತೋರಿಸಿ ಲಾರಿಯನ್ನೇ ಕದ್ದರು. ಒಳಗಿದ್ದದ್ದು ಸುಮಾರು 3,000 ಕ್ಯೂರಿ, ಹುವಾರೆಸ್‌ನ ಆರೇಳು ಪಟ್ಟು. ಕಳ್ಳರಿಗೆ ಬೇಕಾದದ್ದು ಲಾರಿ. ಕೋಬಾಲ್ಟ್ ಕೆಲವು ದಿನದಲ್ಲಿ ಹೊಲವೊಂದರಲ್ಲಿ, ತನ್ನ ರಕ್ಷಾಕವಚದಿಂದ ಹೊರಗೆ, ಸಿಕ್ಕಿತು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ 1993ರಿಂದೀಚೆಗೆ ಸದಸ್ಯ ದೇಶಗಳು ವರದಿ ಮಾಡಿರುವ ಇಂಥ ಕಳವು, ನಾಪತ್ತೆ, ಅಕ್ರಮ ಸಾಗಣೆ, ಅನಾಥ ವಸ್ತುಗಳ ಪ್ರಕರಣ 4,000 ದಾಟಿವೆ.

ಹುವಾರೆಸ್‌ನ ಕೋಬಾಲ್ಟ್ ಮಟ್ಟಿಗೆ ಕಾಲ ಕರುಣೆ ತೋರಿದೆ. ಹತ್ತಿರ ಹತ್ತಿರ ಎಂಟು ಸಲ ಅರ್ಧವಾಗಿ, 2025ರ ಕೊನೆಯ ಹೊತ್ತಿಗೆ ಇನ್ನೂರೈವತ್ತರಲ್ಲಿ ಒಂದು ಪಾಲಿಗೆ ಬಂದಿದೆ. ಎಲ್ಲೋ ಮಣ್ಣಿನಲ್ಲಿ ಸಿಗದೆ ಉಳಿದ ಗುಳಿಗೆ ಇದ್ದರೆ ಅದರಲ್ಲಿ ಈಗ ಸೆಕೆಂಡಿಗೆ ಒಡೆಯುವುದು ಒಂದು ಕೋಟಿ ಮಾತ್ರ. ಗೋಯಾನಿಯಾದ ಸೀಸಿಯಂ ಅಷ್ಟು ಉದಾರಿಯಲ್ಲ, ಅದರ ಅರ್ಧಾಯುಷ್ಯ ಮೂವತ್ತು ವರ್ಷ. ಐದರಲ್ಲಿ ಎರಡು ಪಾಲು ಇನ್ನೂ ಹಾಗೇ ಇದೆ. ನಗರದ ಹೊರಗೆ ಅಬಾದಿಯಾ ದೆ ಗೋಯಾಸ್ ಎಂಬಲ್ಲಿ ಕಾಂಕ್ರೀಟ್ ಕೋಶಗಳಲ್ಲಿ ಅದನ್ನು ಹೂತು, ಮೇಲೆ ಹುಲ್ಲು ಬೆಳೆಸಿ, ಪಕ್ಕದಲ್ಲೇ ಪ್ರಯೋಗಾಲಯ ಕಟ್ಟಿ ನೀರು, ಮಣ್ಣು ಪರೀಕ್ಷಿಸುತ್ತ ಕೂತಿದ್ದಾರೆ. ಕಾಯಬೇಕಾದ ಅವಧಿ 300 ವರ್ಷ. ಚಿಕಿತ್ಸಾಲಯ ಅದನ್ನು ಕಾಯದೆ ಬಿಟ್ಟಿದ್ದು ಎರಡು ವರ್ಷಕ್ಕೂ ಕಡಿಮೆ.